ಕೌದಿಯ ಹೊಟ್ಟೆ

ನಾಲ್ಕು, ಮತ್ತೆ ಎಣಿಸಿದರೂ ನಾಲ್ಕೇ, ಬೆಳಕಿಂಡಿಯ ಬಿಸಿಲು ಸೂಜಿದಿಂಬಿನ ಮೇಲೆ ಅಂಗೈ ಅಗಲ ಬಿದ್ದು ನಾಲ್ಕೂ ಮಿಂಚುತ್ತಿವೆ, ಹಳದಿ ದಾರದ್ದು ಕೂಸಿನ ತಲೆಗೆ ಹಾಕುವ ಕುಂಚಿಗೆಯದು, ಬಿಳಿ ತೋರಣದ್ದು, ಹಸಿರು ಕುಪ್ಪಸದ್ದು, ನೀಲಿ ಸ್ವೆಟರಿನ ತೋಳು ಜೋಡಿಸೋದು, ಐದನೆಯದು ಕೌದಿ ಸೂಜಿ, ಕೆಂಪು ದಾರದ್ದು, ಎಲ್ಲಕ್ಕಿಂತ ಉದ್ದನೆಯದು, ಅದು ಇರಬೇಕಾದಲ್ಲಿ ದಿಂಬಿನಲ್ಲಿ ಒಂದು ತೂತು — ಇರಲಿ, ಎಲ್ಲಿಗೆ ಹೋಗುತ್ತದೆ, ಸೂಜಿಗೇನು ಕಾಲು ಬಂದಾವ, ಸೆರಗಿಗೆ ಚುಚ್ಚಿಕೊಂಡಿರುತ್ತೇನೆ, ಇಲ್ಲ, ಕುಪ್ಪಸದ ಎಡಭುಜಕ್ಕೆ, ಇಲ್ಲ, ತುರುಬಿನಲ್ಲಿ, ಒಂದು ಸಲ ತುರುಬಿಗೆ ಚುಚ್ಚಿಕೊಂಡು ಓಣಿಯೆಲ್ಲ ಹುಡುಕಿದ್ದೆ, ಮಗಳು ಹುಲಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಯವ್ವಾ ಮದ್ಲ ನಿನ್ನ ತಲ್ಯಾಗ ಸೂಜಿ ಹುಡುಕು ಆಮ್ಯಾಲ ಹೇನು ಹುಡುಕು ಅಂತ — ತುರುಬು ಬಿಚ್ಚಿದೆ, ಬೆರಳಾಡಿಸಿದೆ, ಇಲ್ಲ, ಬಿಳಿಕೂದಲು ನಾಲ್ಕು ಬೆರಳಿಗೆ ಸುತ್ತಿಕೊಂಡು ಬಂದವು, ಅಷ್ಟೇ, ಹುಲಗಿಯ ನಗು ಈಗ ಈ ಮನೆಯಲ್ಲಿ ಇಲ್ಲ, ತೊಟ್ಟಿಲು ಕಟ್ಟಿದ್ದ ಹಗ್ಗ ಮಾತ್ರ ತೊಲೆಗೆ ನೇತಾಡುತ್ತಿದೆ, ಒಂಬತ್ತರ ಬಸ್ಸಿಗೆ ಹೋದರು, ಅಳಿಯ ಮಾಂತೇಶ ನಿನ್ನೆಯೇ ಬಂದಿದ್ದ, ಬೆಳಿಗ್ಗೆ ಮಗಳನ್ನೂ ಕೂಸನ್ನೂ ಟಂಟಂ ಆಟೋದಲ್ಲಿ ಕೂರಿಸಿಕೊಂಡು ಭಾಗ್ಯನಗರದ ರೈಲು ಗೇಟು ದಾಟಿ ಕೊಪ್ಪಳದ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಗಂಗಾವತಿ, ಅಲ್ಲಿಂದ ಸಿದ್ದಾಪುರ, ಈಗ ಹಿಟ್ನಾಳ ದಾಟಿರಬೇಕು, ಕೂಸು ಕಿಟಕಿ ಕಡೆ ಕಣ್ಣು ಪಿಳುಕಿಸುತ್ತಾ ಅವ್ವನ ತೊಡೆಯ ಮೇಲೆ, ತೊಡೆಯ ಮೇಲೆ ಕೌದಿ, ಕೌದಿಯ ಮೇಲೆ ಕೂಸು, ನಾನೇ ಮಡಿಚಿ ಕೊಟ್ಟದ್ದು, ಬಸ್ಸು ಕುಲುಕಾಡತೈತಿ ತೊಡಿಮ್ಯಾಲ ಹಾಸ್ಗೊಂಡು ಕೂಡ್ರು ಅಂತ, ನಾನೇ ಅಂದದ್ದು —

ತಡಿ, ಶಿವಲಿಂಗಮ್ಮ, ತಡಿ, ಹಿಂಗ ಅವಸರ ಮಾಡಬ್ಯಾಡ, ಮಗ್ಗದ ಕೆಲಸದವಳಿಗೆ ಅವಸರ ಆಗಬಾರದು, ಒಂದು ಎಳೆ ಹರಿದರೆ ಅದೊಂದನ್ನೇ ಹುಡುಕಬೇಕು, ಎಲ್ಲ ಎಳೆ ಎಳೆದಾಡಬಾರದು, ಯಜಮಾನರು ಇದ್ದಾಗ ಹಾಗೇ ಅನ್ನುತ್ತಿದ್ದರು, ಅವರ ಹಾಗೆ ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕೂತು ಈಗ ಏಳು ವರ್ಷದಿಂದ ನಾನೇ ನೇಯುತ್ತಿದ್ದೇನೆ, ಒಂದೊಂದಾಗಿ ನೋಡು, ಬಾಣಂತಿಯನ್ನು ಐದು ತಿಂಗಳಿಗೆ ಕಳಿಸಬೇಕಿತ್ತು, ಆಗಲಿಲ್ಲ, ಆರು ಸರಿ ಸಂಖ್ಯೆ, ಕಳಿಸಬಾರದು, ಏಳಕ್ಕೆ ಬಂತು, ತಡ ಆದದ್ದು ನನ್ನಿಂದಲೇ, ಕೂಸಿನ ಸಂಗಡ ತವರಿನಿಂದ ಏನೇನು ಹೋಗಬೇಕೋ ಎಲ್ಲ ನನ್ನ ಕೈಯಿಂದಲೇ ಹೋಗಬೇಕು ಅಂತ ಹಟ, ಪ್ಯಾಟ್ಯಾಗ ರೆಡಿಮೇಡ್ ಸಿಗ್ತಾವ ಬಿಡ ಬೇ ಅಂದಳು ಹುಲಗಿ, ನಾನು ಬಿಡಲಿಲ್ಲ, ಕುಂಚಿಗೆ, ಕುಪ್ಪಸ, ಸ್ವೆಟರು, ತೊಟ್ಟಿಲಿಗೆ ಮಣಿ ಪೋಣಿಸಿದ ತೋರಣ, ಕೌದಿ, ಮಗ್ಗದ ಮೇಲೆ ಬೀಗತಿ ಹಂಪವ್ವನಿಗೆ ಉಡಿಸುವ ಸೀರೆ, ಒಂದರಲ್ಲಿ ಕಣ್ಣು ದಣಿದರೆ ಇನ್ನೊಂದು, ಗುಣಿಯಲ್ಲಿ ಕೂತು ಸೊಂಟ ಹಿಡಿದರೆ ಎದ್ದು ಸ್ವೆಟರಿನ ಕಡ್ಡಿ ಹಿಡಿಯೋದು, ಕೂಸು ತೊಡೆಯ ಮೇಲಿದ್ದರೆ ತೋರಣ, ಕೂಸು ಮಲಗಿದರೆ ಕೌದಿ, ಯಾವ ಕೆಲಸ ಎಲ್ಲಿಗೆ ನಿಂತಿದೆ ಅಂತ ಕೈಗೆ ನೆನಪಿರುತ್ತಿತ್ತು, ತಲೆಗೆ ಬೇಕಾಗಿರಲಿಲ್ಲ, ಸೂಜಿಗೆ ಮಾತ್ರ ನನ್ನದೊಂದು ನೇಮ, ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ದಾರ, ದಾರ ತೀರಿದರೂ ಗೇಣುದ್ದ ಬಾಲ ಬಿಟ್ಟೇ ಇಡೋದು, ನೆಲಕ್ಕೆ ಬಿದ್ದರೂ ಬಾಲ ಕಾಣಬೇಕು, ಬೆಳಿಗ್ಗೆ ಐದು, ದೀಪ ಹಚ್ಚುವ ಮೊದಲು ಐದು, ಎಣಿಸಿ ದಿಂಬಿಗೆ ಚುಚ್ಚೋದು, ನಿನ್ನೆ ಸಂಜೆ ಎಣಿಸಿದೆನೇ, ಎಣಿಸಿದೆ, ಇಲ್ಲ, ಅಳಿಯ ಬಂದ, ಹೋಳಿಗೆಗೆ ಹೂರಣ ರುಬ್ಬಬೇಕಾಯಿತು, ಎಣಿಸಲಿಲ್ಲ, ಒಂದೇ ಒಂದು ದಿನ ಎಣಿಸಲಿಲ್ಲ.

ನಿನ್ನೆ ಮಧ್ಯಾಹ್ನ ಏನು ಮಾಡಿದೆ, ಕೌದಿ ಮುಗಿಸಿದೆ, ಹೇಗೆ ಮುಗಿಸಿದೆ, ಅಂಚಿನಿಂದ ಹೊಲಿಯುತ್ತಾ ಹೊಲಿಯುತ್ತಾ ನಡುವಿಗೆ ಬಂದು ಅಂಗೈ ಅಗಲ ಬಿಟ್ಟಿದ್ದೆ, ಅದು ಕೌದಿಯ ಹೊಟ್ಟೆ, ನನ್ನವ್ವ ಹೇಳಿಕೊಟ್ಟದ್ದು, ಹೊಟ್ಟಿ ಖಾಲಿ ಇದ್ದ ಕೌದಿ ಹೊದ್ದವರ ನಿದ್ದಿ ತಿಂತೈತಿ ಮಗಳ, ಐದು ಕಾಳು ಜೋಳ, ಕೂಸು ಮೊದಲು ಉಟ್ಟ ಬಟ್ಟೆಯದೊಂದು ಚೂರು ಅದರೊಳಗಿಟ್ಟು ಮೇಲೊಂದು ತುಂಡು ಮುಚ್ಚಿ ಹೊಲಿಯಬೇಕು, ಗಂಟು ಹಾಕೋತನಕ ತುಟಿ ಬಿಚ್ಚಬಾರದು, ಮಾತಾಡಿದರೆ ಮಾತು ಹೊಟ್ಟೆಯೊಳಗೆ ಹೋಗಿ ಕೂರುತ್ತದೆ, ಕೂಸು ಬೆಚ್ಚಿ ಬೀಳುತ್ತದೆ, ಕಾಳು ಹಾಕಿದೆ, ಚೂರು ಇಟ್ಟೆ, ಕೆಂಪು ಖಣದ ತುಂಡು ಮುಚ್ಚಿದೆ, ಕೆಂಪು ದಾರದಲ್ಲಿ ಒಂದು ಬದಿ ಹೊಲಿದು ಎರಡನೇ ಬದಿಗೆ ತಿರುಗಿದ್ದೆ, ಅಡುಗೆಮನೆಯಿಂದ ಹುಲಗಿ ಯವ್ವಾ ಕೂಸಿನ ಬಟ್ಟಲ ಎಲ್ಲಿಟ್ಟಿ ಅಂದಳು, ಗೂಡಿನ್ಯಾಗ ನೋಡ ಅಂದುಬಿಟ್ಟೆ, ಅಂದಮೇಲೆ ತುಟಿ ಕಚ್ಚಿಕೊಂಡೆ, ಮಾತು ಬಿತ್ತು, ಮಾತು ಬಿದ್ದ ದಾರದಿಂದ ಹೊಟ್ಟೆ ಮುಚ್ಚಬಾರದು, ದಾರ ಬದಲಿಸಬೇಕು, ಆ ದಾರವನ್ನು ಪದರಿನ ಹತ್ತಿರ ಕತ್ತರಿಸಿದೆ, ಸೂಜಿಯನ್ನು — ಸೂಜಿಯನ್ನು ಪಕ್ಕಕ್ಕೆ ಒಳಪದರಿಗೆ ಚುಚ್ಚಿದೆ, ಈಗ ತೆಗೀತೀನಿ ಅಂತ, ಆಮೇಲೆ ಹಳದಿ ಸೂಜಿ ತೆಗೆದುಕೊಂಡು ಬಾಯಿ ಬಿಗಿಹಿಡಿದು ಮೊದಲಿನಿಂದ ಹೊಲಿದೆ, ಸುತ್ತಲೂ ಹೊಲಿದೆ, ಗಂಟು ಹಾಕಿದೆ, ಹಾಕಿದ ಮೇಲೆ ದೊಡ್ಡದಾಗಿ ಉಸಿರು ಬಿಟ್ಟೆ, ಛಲೋ ಆತು ಅಂದೆ, ಕೆಂಪು ಸೂಜಿ ತೆಗೆದೆನೇ, ತೆಗೆದ ನೆನಪು ಕೈಗೆ ಇಲ್ಲ, ಬೆರಳನ್ನು ಕೇಳುತ್ತಿದ್ದೇನೆ, ಹೆಬ್ಬೆರಳು ತೋರುಬೆರಳು ಸೇರಿಸಿ ತಿಕ್ಕಿ ನೋಡುತ್ತಿದ್ದೇನೆ, ತೆಗೆದಿದ್ದರೆ ಗೊತ್ತಾಗುತ್ತಿತ್ತು, ತೆಗೆದಿಲ್ಲ, ಕೆಂಪು ಖಣದ ಕೆಳಗೆ ಕೆಂಪು ದಾರ, ಹೊರಗಿನಿಂದ ಕಾಣೋದಿಲ್ಲ, ಕೂಸಿನ ಕೆಳಗೆ ಸೂಜಿ ಇದೆ.

ಕೆಳಗಾದರೂ ಇರಲಿ ಎಂದರೆ ಅದೂ ಅಲ್ಲ, ಕೂಸು ಅನುಷಾ ಈಗ ಏನು ಸಿಕ್ಕರೂ ಬಾಯಿಗೆ ಒಯ್ಯುತ್ತದೆ, ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನಂಥ ಎರಡು ಹಲ್ಲು, ಒಸಡು ಕಡಿಯುತ್ತಿರುತ್ತದೆ, ಬಟ್ಟೆ ಕಚ್ಚುತ್ತದೆ, ನಿನ್ನೆ ಹೊಸ ಕೌದಿಯ ಮೇಲೆ ಬೋರಲು ಹಾಕಿದ ತಕ್ಷಣ ನಡುವಿನ ಉಬ್ಬನ್ನೇ ಹುಡುಕಿ ಬಾಯಿ ಹಚ್ಚಿತು, ಜೋಳದ ಕಾಳು ಒಸಡಿಗೆ ಹಿತ ಅನಿಸಿರಬೇಕು, ಚೀಪಿತು, ಖಣದ ತುಂಡು ಒದ್ದೆ ಆಯಿತು, ನಾವೆಲ್ಲ ನಕ್ಕೆವು, ನೋಡ್ರಿ ಅಜ್ಜಿ ಕೌದಿ ಎಷ್ಟು ರುಚಿ ಐತಿ ಅಂತ ಮಾಂತೇಶ ಅಂದ, ನಾನೂ ನಕ್ಕೆ, ಆಗಲೇ ಅದು ಒಳಗಿತ್ತು, ಆ ಹಲ್ಲಿಗೂ ಆ ಮೊನೆಗೂ ನಡುವೆ ಒಂದು ಪದರು ಖಣ, ಒದ್ದೆ ಆದ ಖಣ, ಈಗ ಕಣ್ಣು ಮುಚ್ಚಿದರೆ ಅದೇ, ಕೂಸಿನ ತುಟಿಯ ಅಂಚಿನಲ್ಲಿ ಕೆಂಪು ದಾರದ ತುದಿ ಇಷ್ಟೇ ಇಷ್ಟು ನೇತಾಡುತ್ತಿದೆ, ಉಳಿದದ್ದು ಒಳಗಿದೆ — ಥೂ, ಬಾಯಿಗೆ ಬರಬಾರದು ಇಂಥದ್ದು, ಮನಸ್ಸಿಗೂ ಬರಬಾರದು, ಪೇಪರಿನಲ್ಲಿ ಓದಿದ್ದೆ, ಎಲ್ಲೋ ಒಂದು ಕೂಸು ಪಿನ್ನು ನುಂಗಿತ್ತಂತೆ, ಅಕ್ಷರಕ್ಕೆ ಅಕ್ಷರ ಜೋಡಿಸಿ ಒಂದು ತಾಸು ಓದಿದ್ದೆ, ಕೊಪ್ಪಳ ಜಿಲ್ಲೆ ಆದ ಮರುವರ್ಷ ರಾತ್ರಿ ಸಾಲಿ ಸುರುವಾಯಿತು, ಐವತ್ತೆರಡಕ್ಕೆ ಪಾಟಿ ಹಿಡಿದೆ, ಮಾಸ್ತರು ಶಿವಲಿಂಗಮ್ಮಗ ತಾಳ್ಮಿ ಭಾಳ ಐತಿ ನೋಡ್ರಿ ಅಂತ ಎಲ್ಲರ ಮುಂದೆ ಹೊಗಳಿದ್ದರು, ಓದು ಬಾರದಿದ್ದರೆ ಈ ಹೆದರಿಕೆಯಲ್ಲಿ ಅರ್ಧ ಇರುತ್ತಿರಲಿಲ್ಲ, ಆ ಪೇಪರು ಹೋಳಿಗೆ ಹಾಕಲು ಹಾಸಿಬಿಡುತ್ತಿದ್ದೆ.

ಯಾಕ ಯಕ್ಕಾ ತುರಬ ಬಿಚ್ಚಿಕೊಂಡು ಕುಂತಿ, ದೆವ್ವ ಬಂದಂಗ, ಜೈನಾಬಿ ಬಾಗಿಲಲ್ಲಿ ನಿಂತಿದ್ದಾಳೆ, ಪಕ್ಕದ ಮನೆಯವಳು, ವಿಗ್ಗಿನ ಕಾರ್ಖಾನೆಗೆ ಕೂದಲಿನ ಸಿಕ್ಕು ಬಿಡಿಸುವ ಕೂಲಿ ಕೆಲಸ ಅರ್ಧಕ್ಕೆ ಬಿಟ್ಟು ಬಂದಿರಬೇಕು, ಮೈಮೇಲೆಲ್ಲ ಯಾರ್ಯಾರದೋ ಕೂದಲು, ಮಗಳು ಹೋದ ದುಃಖಕ್ಕೆ ಅಳುತ್ತಿದ್ದೇನೆ ಅಂದುಕೊಂಡಿದ್ದಾಳೆ, ಅಳಬ್ಯಾಡ ಮೊಹರಮ್ಮಿಗೆ ಮತ್ತ ಬರ್ತಾಳ ಬಿಡು ಅನ್ನುತ್ತಿದ್ದಾಳೆ, ಸೂಜಿ, ಅಂದೆ, ಒಂದು ಸೂಜಿ ಕಡಿಮಿ ಬಿದ್ದೈತಿ ಜೈನಾ, ಅಂದ ತಕ್ಷಣ ಅವಳ ನಗು ನಿಂತಿತು, ಐದು ಮಕ್ಕಳನ್ನು ಬೆಳೆಸಿದವಳು, ಪೂರ್ತಿ ಹೇಳಬೇಕಾಗಲಿಲ್ಲ, ಯಾ ಅಲ್ಲಾ ಅಂದು ಸೀದಾ ಹೋಗಿ ಸೂಜಿಗಲ್ಲು ತಂದಳು, ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು, ಕೂದಲ ರಾಶಿಯಲ್ಲಿ ಹೇರ್‌ಪಿನ್ನು ಹುಡುಕಲು ಇಟ್ಟುಕೊಂಡಿದ್ದಾಳೆ, ಇಬ್ಬರೂ ಮೊಣಕಾಲೂರಿ ಮನೆಯೆಲ್ಲ ಆಡಿಸಿದೆವು, ಚಾಪೆ ಎತ್ತಿದೆವು, ತೊಟ್ಟಿಲಿದ್ದ ಜಾಗ, ಬೀಸುವ ಕಲ್ಲಿನ ಸುತ್ತ, ಉಣ್ಣೆ ಉಂಡೆಗಳ ಬುಟ್ಟಿ, ಒಂದು ಮೊಳೆ ಬಂತು, ಎರಡು ಪಿನ್ನು ಬಂದವು, ನಾನು ಮಗ್ಗದ ಗುಣಿಗೆ ಇಳಿದೆ, ಹೊರಗೆ ಉರಿಬಿಸಿಲು, ಗುಣಿಯಲ್ಲಿ ಯಾವಾಗಲೂ ತಣ್ಣಗೆ, ತುಳಿಯುವ ಪಟ್ಟಿಗಳ ಕೆಳಗೆ ಅಂಗೈ ಊರಿ ಊರಿ ನೋಡಿದೆ, ಚುಚ್ಚಲಿ ದೇವರೇ, ಇಲ್ಲೇ ನನ್ನ ಕೈಗೇ ಚುಚ್ಚಲಿ, ನೆಟ್ಟಗೆ ಮೂಳೆಗೇ ಇಳಿಯಲಿ, ಚುಚ್ಚಲಿಲ್ಲ, ನೂಲಿನ ಧೂಳು ಮಾತ್ರ ಅಂಗೈಗೆ ಮೆತ್ತಿತು, ತಲೆಯ ಮೇಲೆ, ಅವರು ಹೊರಡೋ ಹೊತ್ತಿಗೆ ಮುಗಿಯದೇ ಉಳಿದ ಹಂಪವ್ವನ ಸೀರೆಯ ಹಾಸುನೂಲು ಬಿಗಿದು ನಿಂತಿದೆ, ಸೆರಗಿನ ರೇಷ್ಮೆ ಎಳೆಯನ್ನು ಒಡಲಿನ ನೂಲಿಗೆ ಕೊಂಡಿ ಹಾಕುವುದು ಅರ್ಧಕ್ಕೇ ನಿಂತಿದೆ, ಒಂದೊಂದು ಎಳೆಗೆ ಒಂದೊಂದು ಕೊಂಡಿ, ಒಂದು ತಪ್ಪಿದರೆ ಸೆರಗಿನಲ್ಲಿ ಗೆರೆ ಬೀಳುತ್ತದೆ, ಅಷ್ಟು ಸಾವಿರ ಎಳೆಯಲ್ಲಿ ಒಂದು ತಪ್ಪದ ಕೈ ಇದು, ಇದೇ ಕೈ.

ಫೋನ್ ಹಚ್ಚಬೇ ಯಕ್ಕಾ, ಜೈನಾಬಿ ಅಂದಳು, ಹಚ್ಚಬೇಕು, ಯಾರಿಗೆ ಹಚ್ಚಲಿ, ಬಸ್ಸಿಗೆ ಫೋನು ಇಲ್ಲ, ಮಾಂತೇಶ ಕೆಲಸ ಮಾಡುವ ಅಕ್ಕಿ ಗಿರಣಿಗೆ ಇದೆ, ಗಿರಣಿಯ ಎದುರೇ ಮನೆ, ಅವರು ಮುಟ್ಟೋದು ಹನ್ನೆರಡಕ್ಕೆ, ಅಲ್ಲಿಯತನಕ ಏನೂ ಮಾಡುವಂತಿಲ್ಲ, ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿರಬೇಕು, ಕೂಸಿಗೆ ಹಸಿವಾಗಿರುತ್ತದೆ, ಹುಲಗಿ ಕಟ್ಟೆಯ ಮೇಲೆ ಕೌದಿ ಹಾಸಿ ಮಲಗಿಸಿರುತ್ತಾಳೆ, ಮೊದಲೇ ಅವಳು ಬೋರಲು ಹಾಕಿ ಬೆನ್ನು ತಟ್ಟುವವಳು, ಬ್ಯಾಡ ಬೇ, ಅಂಗಾತ ಹಾಕು, ಅಂಗಾತ ಹಾಕು — ಹೇಳಿದರೆ ಹಂಪವ್ವನಿಗೂ ಗೊತ್ತಾಗುತ್ತದೆ, ಆ ಹೆಣ್ಣುಮಗಳು ಕೆಟ್ಟವಳಲ್ಲ, ನಾಲಿಗೆ ಮಾತ್ರ ಹಸಿಮೆಣಸಿನಕಾಯಿ, ತೊಟ್ಟಿಲು ಹಾಕಿದ ದಿನ ನನ್ನ ಕುಂಚಿಗೆಯನ್ನು ಬೆಳಕಿಗೆ ಹಿಡಿದು ಬೀಗತೇರ ಕಣ್ಣಿಗೆ ಪೊರಿ ಬಂದೈತಿ ಕೈಗಿನ್ನೂ ಸುದ್ದಿ ಮುಟ್ಟಿಲ್ಲ ಅಂದಿದ್ದಳು, ಹೆಂಗಸರೆಲ್ಲ ಕಿಸಿಕಿಸಿ, ಆಮೇಲೆ ಅದೇ ಕುಂಚಿಗೆ ಹಾಕಿ ಕೂಸನ್ನು ಓಣಿಗೆಲ್ಲ ತೋರಿಸಿಕೊಂಡು ಬಂದಳು, ಇನ್ನು ಮುಂದೆ ನನ್ನ ಕೈಯದು ಏನೂ ಆ ಮನೆಗೆ ಹೋಗೋದಿಲ್ಲ, ಹೋಗದಿದ್ದರೆ ಹೋಗಲಿಲ್ಲ, ಅವಳು ಅನ್ನಲಿ, ನೂರು ಅನ್ನಲಿ, ಆದರೂ ಒಂದು ಗಳಿಗೆ, ಒಂದೇ ಗಳಿಗೆ, ಹೇಳದೇ ಇದ್ದರೆ ಹೇಗೆ ಅಂತ ಅನಿಸಿತಲ್ಲ, ಅನಿಸಿದ್ದು ಸುಳ್ಳಲ್ಲ, ದಿಂಬಿನಿಂದ ಜಾರಿ ಎಲ್ಲೋ ಬಿದ್ದಿರುತ್ತದೆ ಅಂತ ಸುಮ್ಮನೆ ಕೂತರೆ ಯಾರಿಗೆ ಗೊತ್ತು, ಥೂ ನನ್ನ ಜನ್ಮಕ್ಕೆ, ಗೋಡೆಯ ಮೇಲೆ ನಾನೇ ಇದ್ದಿಲಿನಲ್ಲಿ ಬರೆದಿಟ್ಟ ಗಿರಣಿಯ ನಂಬರು ಚೀಟಿಗೆ ಇಳಿಸಿಕೊಂಡೆ, ಏಳು ಒಂದಾಯಿತು, ಹೊಡೆದು ಮತ್ತೆ ಬರೆದೆ, ಜೈನಾಬಿಯ ಗಂಡ ರಾಜಾಸಾಬನ ಕಿರಾಣಿ ಅಂಗಡಿಯಲ್ಲಿ ಎಸ್‌ಟಿಡಿ ಫೋನು, ಹತ್ತೂವರೆಗೇ ಹೋಗಿ ಜೋಳದ ಚೀಲದ ಮೇಲೆ ಕೂತೆ, ಹನ್ನೊಂದು, ಹನ್ನೊಂದೂವರೆ, ಗಿರಾಕಿಗಳು ಬಂದರು ಹೋದರು, ರಾಜಾಸಾಬ ಚಹಾ ತರಿಸಿಕೊಟ್ಟ, ಆರಿ ಕೆನೆಗಟ್ಟಿತು, ಕೆನೆಯ ಮೇಲೆ ಒಂದು ನೊಣ.

ಹಲೋ ಯಾರ್ರಿ, ಓ ಅತ್ತೀ, ಈಗರ ಮುಟ್ಟೇವ್ರಿ, ಅವರನ್ನ ಮನಿಗೆ ಬಿಟ್ಟು ಗಿರಣಿಗೆ ಬಂದೆ ನೋಡ್ರಿ, ಮಾಂತೇಶನ ಹಿಂದೆ ಗಿರಣಿಯ ಗಡಗಡ, ಕೂಸು ಹೆಂಗೈತ್ರಿ ಅಳಿಯಾರ, ಛಲೋ ಐತ್ರಿ ಬಸ್ಸಿನ್ಯಾಗ ತುಸು ಅತ್ತು ಮಲಗಿತ್ತು, ಅತ್ತಿತ್ತೇ, ಯಾಕ ಅತ್ತಿತ್ತು, ಕೂಸಂದ್ರ ಅಳೂದ ಕೆಲಸ ಅಲ್ಲೇನ್ರಿ ಅತ್ತೀ ಅಂತ ನಗುತ್ತಾನೆ, ಹೇಳಿದೆ, ಕೌದಿ, ನಡುವ ಕೆಂಪು ತುಂಡು, ಒಳಗ ಸೂಜಿ, ಕೂಸಿನ ಕೈಗೆ ಕೊಡಬ್ಯಾಡ್ರಿ, ಅವನ ನಗು ನಿಂತಿತು, ಹೆದರಬ್ಯಾಡ್ರಿ ಅತ್ತೀ ಭತ್ತದಾಗಿನ ಮೊಳಿ ಹಿಡಿಯೂ ಸೂಜಿಗಲ್ಲ ಇಲ್ಲೇ ಐತಿ ಈಗ ಆಡಿಸಿ ನೋಡ್ತೀನಿ, ನಾನ ಫೋನ್ ಹಚ್ತೀನಿ ಅಲ್ಲೇ ಕೂಡ್ರಿ ಅಂದ, ಕೂತೆ, ಅಂಗಡಿಯ ಗಡಿಯಾರದ ದೊಡ್ಡ ಮುಳ್ಳು ಒಂದೊಂದು ಗೆರೆ ದಾಟುವಾಗ ನಿಂತು ನಿಂತು ದಾಟುತ್ತಿದೆ, ಈಗ ರಸ್ತೆ ದಾಟಿರುತ್ತಾನೆ, ಈಗ ಹೊಸಿಲು, ಈಗ ಕೂಸನ್ನು ಎತ್ತಿಕೊಂಡಿರುತ್ತಾರೆ, ಅದರ ಬಾಯಿ ನೋಡಿರುತ್ತಾರೆ, ತುಟಿಯಂಚಿನಲ್ಲಿ — ಇಲ್ಲ, ಏನೂ ಇಲ್ಲ, ಬರೀ ಜೊಲ್ಲು, ಜೈನಾಬಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತುಟಿ ಅಲುಗಿಸುತ್ತಿದ್ದಾಳೆ, ತನ್ನ ದೇವರಿಗೆ ಹೇಳಿಕೊಳ್ಳುತ್ತಿದ್ದಾಳೆ, ನನಗೆ ಯಾವ ದೇವರ ಹೆಸರೂ ನೆನಪಾಗುತ್ತಿಲ್ಲ, ಫೋನು ಬಡಿದುಕೊಂಡಿತು, ಅಷ್ಟು ಜೋರಾಗಿ ಬಡಿದುಕೊಂಡಿತು, ಎತ್ತಿದವಳು ನಾನೇ.

ಸಿಕ್ತ್ರಿ ಅತ್ತೀ ಸಿಕ್ತು, ಸೂಜಿಗಲ್ಲ ಒಯ್ದ ಕೂಡ್ಲೆ ಕೌದಿ ಎದ್ದು ಟಕ್ ಅಂತ ಹತ್ತಿತು ನೋಡ್ರಿ, ಚೀಲದ ಮೇಲೆ ಕೂತುಬಿಟ್ಟೆ, ಸಿಕ್ತಂತ ಅಂದೆ, ಜೈನಾಬಿ ನನ್ನನ್ನು ತಬ್ಬಿಕೊಂಡಳು, ಅವಳ ಮೈಮೇಲಿನ ಕೂದಲು ನನ್ನ ಬಾಯಿಗೆ ಬಂತು, ಆ ಕಡೆ ಮಗನ ಹಿಂದೆಯೇ ಗಿರಣಿಗೆ ಬಂದ ಹಂಪವ್ವ ಅವನ ಕೈಯಿಂದ ಫೋನು ಕಸಿದುಕೊಂಡಿದ್ದಾಳೆ, ಏನ ಬೀಗತೇರ ಮೊಮ್ಮಗಳಿಗೆ ಸೂಜಿ ಬಳುವಳಿ ಕೊಟ್ಟು ಕಳಿಸೀರೇನ್ರಿ, ಬಂಗಾರದ್ದ ಕೊಡಬೇಕಿಲ್ರಿ, ಅನ್ನಲಿ, ಅನ್ನು ಯವ್ವಾ, ನಿನ್ನ ಬಾಯಿ ತಣ್ಣಗಿರಲಿ, ನಾನು ಇಲ್ಲಿ ನಗುತ್ತಿದ್ದೇನೆ, ಕಣ್ಣಿಂದ ನೀರು ಇಳಿಯುತ್ತಿದೆ, ಹೊಟ್ಟಿ ಒಂದ ಮೂಲಿ ಅಷ್ಟ ಬಿಚ್ಚಿ ತಗದು ಮತ್ತ ಮುಚ್ಚಿ ಹೊಲದೇನ್ರಿ ನಿಮ್ಮಂಗ ಬಾಯಿ ಮುಚ್ಚಿಕೊಂಡು, ಕೂಸು ಅದರ ಮ್ಯಾಲ ಮಲಗೈತಿ, ಉಣ್ಣ ಹೋಗ್ರಿ ಇನ್ನ, ಅಂದಳು, ಮತ್ತೆ ಮಾಂತೇಶ, ಅಲ್ರೀ ಅತ್ತೀ ಅಷ್ಟ ಹಳೆ ಸೂಜಿಯಿಂದ ಹೆಂಗ ಹೊಲೀತೀರಿ ನೀವು, ಮುಟ್ಟಿದ್ರ ಮುರೀತೈತಿ, ತುಕ್ಕು ಹಿಡದು ಕರ್ರಗಾಗೈತಿ, ತುಕ್ಕು, ಎಂದೆ, ಕೆಂಪು ದಾರ ಇರಬೇಕಲ್ರಿ ಗೇಣುದ್ದ, ದಾರ ಗೀರ ಏನಿಲ್ರಿ, ಹಿಂದಿನ ಕಣ್ಣು ಸೈತ ಮುರದು ಹೋಗೈತಿ, ಗಿಡ್ಡಂದು, ಬೆರಳಿನ ಎರಡು ಗಿಣ್ಣಿನಷ್ಟು, ನನ್ನದು ಉದ್ದಂದು, ನನ್ನದು ಹೋದ ಪೌರ್ಣಿಮೆಯ ಸಂತೆಯಲ್ಲಿ ಕೊಂಡದ್ದು, ಈಗಲೂ ಕೈಜಾರುವಷ್ಟು ಹೊಳಪು, ಹಾಗಾದರೆ ಇದು ಯಾವುದು, ಒಳಪದರಿಗೆ ಏನು ಹಾಕಿದ್ದೆ, ಹುಲಗಿಯ ಹಳೇ ಕೌದಿ, ಅವಳು ಕೂಸಿದ್ದಾಗಿನದು, ಬಿಸಾಡಲು ಮನಸ್ಸಾಗದೆ ಮಡಿಚಿ ಒಳಗೆ ಹಾಕಿದ್ದೆ, ಇಪ್ಪತ್ಮೂರು ವರ್ಷ ಅದು ಅಲ್ಲಿತ್ತು, ನನ್ನ ಹುಲಗಿ ಮೂರು ವರ್ಷ ಅದರ ಮೇಲೆ ಹೊರಳಾಡಿದಳು, ಆಗಲೂ ನಾನು ಎಣಿಸಿದ್ದೆ, ಬೆಳಿಗ್ಗೆ ಸಂಜೆ ಎಣಿಸಿದ್ದೆ, ಎಣಿಕೆ ಸರಿ ಇತ್ತು, ಹಲೋ ಅತ್ತೀ ಕೇಳ್ತೈತೇನ್ರಿ, ಇಡ್ಲೇನ್ರಿ, ಹೇಳು, ಇನ್ನೊಂದು ಐತಿ ಅಂತ ಹೇಳು ಶಿವಲಿಂಗಮ್ಮ, ನಾಲಿಗೆ ಅಂಗುಳಕ್ಕೆ ಹೊಲಿದ ಹಾಗೆ ಅಂಟಿದೆ, ಇಡ್ತೀನ್ರಿ ಅತ್ತೀ, ಟಕ್.

ಹಚ್ಚೋ ರಾಜಾಸಾಬ, ಹಚ್ಚೋ ತಮ್ಮಾ, ಇನ್ನೊಮ್ಮಿ ಹಚ್ಚೋ, ಯಾಕಬೇ ಯಕ್ಕಾ ಸಿಕ್ತಲ್ಲ, ಸಿಕ್ಕಿಲ್ಲ, ಸಿಕ್ಕದ್ದು ನಂದಲ್ಲ, ಅವನು ನನ್ನ ಮುಖ ನೋಡಿ ಮತ್ತೇನೂ ಕೇಳದೆ ನಂಬರು ಒತ್ತುತ್ತಾನೆ, ಆ ಕಡೆ ಗಂಟೆ ಹೋಗುತ್ತಿದೆ, ಇಲ್ಲಿ ನನ್ನ ಕಿವಿಯೊಳಗೆ ಹೋಗುತ್ತಿದೆ, ಯಾರೂ ಎತ್ತುತ್ತಿಲ್ಲ, ಉಣ್ಣಾಕ ಹೋಗಿರ್ತಾರಬೇ ಯಕ್ಕಾ ಗಿರಣಿ ಬಂದ್ ಮಾಡಿ, ಒಂದು ತಾಸು ಬಿಟ್ಟು ಹಚ್ಚೂಣು, ಒಂದು ತಾಸು, ಅಲ್ಲಿ ಎಲ್ಲರೂ ತಾಟಿನ ಮುಂದೆ ಕೂತಿದ್ದಾರೆ, ಹಂಪವ್ವ ಸೂಜಿಯ ಕಥೆ ಹೇಳುತ್ತಿದ್ದಾಳೆ, ಹುಲಗಿ ಅವ್ವನ ಪರವಾಗಿ ನಾಚಿಕೊಂಡು ನಗುತ್ತಿದ್ದಾಳೆ, ಯಾರಿಗೂ ಹೆದರಿಕೆ ಇಲ್ಲ, ಸಿಕ್ಕಾಯಿತಲ್ಲ, ಪಡಸಾಲೆಯಲ್ಲಿ ಕೌದಿ, ಕೂಸು ಎಚ್ಚರಾಗಿ ಅಳದೆ ತಾನೇ ಹೊರಳಿ ಬೋರಲಾಗುತ್ತದೆ, ಹೊರಳಲು ಕಲಿತು ಎರಡು ತಿಂಗಳಾಯಿತು, ನಡುವಿನ ಉಬ್ಬು ಹುಡುಕುತ್ತದೆ, ಹಂಪವ್ವನ ಹೊಲಿಗೆ ಸಡಿಲ, ಅವಳು ಗದ್ದೆಯವಳು, ಸೂಜಿಯವಳಲ್ಲ, ಹಚ್ಚೋ ಇನ್ನೊಮ್ಮಿ, ಗಂಟೆ ಹೋಗುತ್ತಿದೆ, ಸಡಿಲ ಹೊಲಿಗೆ, ಎರಡು ಹಲ್ಲು, ಒದ್ದೆ ಖಣ, ಗಂಟೆ ಹೋಗುತ್ತಿದೆ, ತುಟಿಯ ಅಂಚು, ಅಂಚಿನಲ್ಲಿ ಕೆಂಪು, ದಾರದ ತುದಿ, ಕೆಂಪು, ಒಳಗೆ ಜಾರುತ್ತಿದೆ, ಗೇಣು ಇದ್ದದ್ದು ಬೆರಳು, ಬೆರಳು ಇದ್ದದ್ದು ಉಗುರು, ಕೆಂಪು —